ಕಿಂಗ್ ಏರ್‌ನ ಉಲ್ಟಾ ಇಂಜಿನ್, ನಮ್ಮ ಕಡಲಿನ ಉಪ್ಪುಗಾಳಿ

ಮನೆ ಉಪ್ಪಳದಲ್ಲಿ, ಕೆಲಸ ಸಣ್ಣ ವಿಮಾನಗಳ ಮೇಂಟೆನೆನ್ಸ್. ಮಂಗಳೂರಿಗೆ ಚಾರ್ಟರ್ ವಿಮಾನ ಬಂದು ರಾತ್ರಿ ನಿಂತ್ರೆ ಬಜ್ಪೆಗೆ ನಾನು ಹೋಗುದು, ಹೆಚ್ಚಾಗಿ ಅದು ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200 ಆಗಿರ್ತದೆ. ಊರಲ್ಲಿ ಫೋಟೋ ತೋರಿಸಿದ್ರೆ ಎಲ್ಲರದ್ದೂ ಒಂದೇ ಮಾತು, "ಈ ಕಾಲದಲ್ಲೂ ಫ್ಯಾನ್ ಇರುವ ವಿಮಾನವಾ ಮಾರಾಯ?" ಫ್ಯಾನ್ ಹೌದು, ಆದ್ರೆ ಅದನ್ನು ತಿರುಗಿಸುದು ಪಿಸ್ಟನ್ ಅಲ್ಲ, ಟರ್ಬೈನ್, ಅಂದ್ರೆ ಬಿಸಿ ಗ್ಯಾಸ್ ಬಡಿದು ತಿರುಗುವ ಬ್ಲೇಡಿನ ಚಕ್ರ. ಒಂದೊಂದು ಇಂಜಿನ್ 850 ಹಾರ್ಸ್‌ಪವರ್, 35,000 ಅಡಿವರೆಗೆ ಏರ್ತದೆ, ಒಳಗೆ ಪ್ರೆಶರ್ ಇರುವ ಕ್ಯಾಬಿನ್, ಬಾಗಿಲನ್ನು ಕೆಳಗೆ ಬಿಟ್ರೆ ಅದೇ ಮೆಟ್ಟಿಲು. ಮೊದಲ ಕಿಂಗ್ ಏರ್ ಬಂದದ್ದು 1964ರಲ್ಲಿ, ಬಾಲದ ಮೇಲೆ ಅಡ್ಡ ರೆಕ್ಕೆ ಇಟ್ಟ ಈ ಟಿ-ಟೈಲ್ 200 ಮಾಡೆಲ್ 1974ರಲ್ಲಿ. ಬಜ್ಪೆಯ 2,450 ಮೀಟರ್ ರನ್‌ವೇ ಇದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ, ಸಣ್ಣ ರನ್‌ವೇಯಲ್ಲಿ ಇಳಿದು ಏರುದೇ ಇದರ ತಾಕತ್ತು.

ನಂಗೆ ಇಷ್ಟ ಇದರ ಇಂಜಿನ್. ಪ್ರಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6, ಇದನ್ನು ಒಂಥರಾ ಉಲ್ಟಾ ಕೂರಿಸಿದ್ದಾರೆ. ಗಾಳಿ ಮುಂದಿನ ಬಾಯಿಯಿಂದ ಒಳಗೆ ಬಂದ್ರೂ ಇಂಜಿನ್ನಿಗೆ ಹೋಗುದು ಹಿಂದಿನಿಂದ, ಆಮೇಲೆ ಮುಂದಕ್ಕೆ ಬರ್ತಾ ಕಂಪ್ರೆಸ್ ಆಗಿ ಉರಿದು, ಹೊಗೆ ಪ್ರೊಪೆಲ್ಲರ್ ಹತ್ರ ಎರಡು ಬದಿಯ ಪೈಪಲ್ಲಿ ಹೊರಗೆ ಹೋಗ್ತದೆ. ಒಳಗೆ ಎರಡು ಶಾಫ್ಟ್ ಉಂಟು, ಒಂದಕ್ಕೊಂದು ಜೋಡಿಸಿಲ್ಲ. ಓಡ್ತಾ ಇರುವ ಟೇಬಲ್ ಫ್ಯಾನ್ ಎದುರು ಪ್ಲಗ್ ಹಾಕದ ಇನ್ನೊಂದು ಫ್ಯಾನ್ ಇಟ್ರೆ ಅದೂ ತಿರುಗ್ತದಲ್ಲ, ಹಾಗೆ, ಹಿಂದಿನ ಶಾಫ್ಟ್ ಬಿಡುವ ಬಿಸಿ ಗ್ಯಾಸೇ ಮುಂದಿನ ಟರ್ಬೈನನ್ನು ತಿರುಗಿಸ್ತದೆ. ಅದು ನಿಮಿಷಕ್ಕೆ 30,000 ಸುತ್ತಿನ ಹತ್ರ ಹೋಗ್ತದೆ, ಗೇರ್‌ಬಾಕ್ಸ್ ಅದನ್ನು ಇಳಿಸಿ ಪ್ರಾಪ್‌ಗೆ 2,000 ಕೊಡ್ತದೆ.

ನಿಂತ ವಿಮಾನದ ಪ್ರಾಪ್ ಬ್ಲೇಡುಗಳು ಗಾಳಿಗೆ ಅಂಚು ಕೊಟ್ಟು ನಿಂತಿರ್ತವೆ, ನೋಡಿದವರು ಹಾಳಾಗಿ ತಿರುಚಿದ್ದು ಅಂತ ತಿಳ್ಕೊಳ್ತಾರೆ. ಆಯಿಲ್ ಪ್ರೆಶರ್ ಇರುವಷ್ಟು ಹೊತ್ತು ಮಾತ್ರ ಬ್ಲೇಡ್ ಕೆಲಸದ ಕೋನದಲ್ಲಿ ಇರ್ತದೆ, ಇಂಜಿನ್ ಆಫ್ ಆಗಿ ಪ್ರೆಶರ್ ಹೋದ ಕೂಡ್ಲೇ ಸ್ಪ್ರಿಂಗೂ ತೂಕಗಳೂ ಸೇರಿ ಅದನ್ನು ಫೆದರ್‌ಗೆ, ಅಂದ್ರೆ ಗಾಳಿಗೆ ಅಂಚು ಕೊಡುವ ಆ ಕೋನಕ್ಕೆ, ಎಳೀತವೆ. ಆಗ ಪ್ರಾಪನ್ನು ಒಂದು ಕೈಯಲ್ಲಿ ತಿರುಗಿಸ್ಬಹುದು, ಅಷ್ಟು ಹಗುರ. ಅದಕ್ಕೇ ನಾವು ಪಟ್ಟಿ ಹಾಕಿ ಕಟ್ಟಿಡುದು. ಇಲ್ಲದಿದ್ರೆ ಗಾಳಿಗೆ ರಾತ್ರಿಯಿಡೀ ಸುತ್ತುತ್ತಾ ಇರ್ತದೆ, ಒಳಗೆ ಬೇರಿಂಗಿಗೆ ಆಯಿಲ್ ಇರುದಿಲ್ಲ.

ಮಾವ ಒಮ್ಮೆ ಕೇಳಿದ್ರು, ಒಂದು ನಿಂತ್ರೆ ಇನ್ನೊಂದು ಉಂಟಲ್ಲ, ಮತ್ತೆ ಹೆದರಿಕೆ ಎಂತಕ್ಕೆ ಅಂತ. ನಿಂತ ಇಂಜಿನ್ನಿನ ಪ್ರಾಪ್ ಗಾಳಿಗೆ ಸುಮ್ಮನೆ ತಿರುಗುತ್ತಾ ಇದ್ರೆ ದೊಡ್ಡ ಬ್ರೇಕ್ ಹಾಕಿದ ಹಾಗೆಯೇ ಆಗ್ತದೆ, ವಿಮಾನ ಆ ಬದಿಗೆ ಎಳೀತದೆ. ಅದಕ್ಕೆ ಆಟೋಫೆದರ್ ಉಂಟು, ಟೇಕಾಫ್ ಹೊತ್ತಲ್ಲಿ ಇಂಜಿನ್ ಬಲ ಬಿದ್ದದ್ದು ಗೊತ್ತಾದ್ರೆ ಅದೇ ಆಯಿಲ್ ಬಿಟ್ಟು ಬ್ಲೇಡನ್ನು ಅಂಚಿಗೆ ತರ್ತದೆ. ಬಿ200ರಲ್ಲಿ ಎರಡೂ ಪ್ರಾಪ್ ಒಂದೇ ದಿಕ್ಕಿಗೆ ತಿರುಗುದರಿಂದ ಎಡದ್ದು ಹೋದ್ರೆ ಪೈಲಟ್‌ಗೆ ಕಷ್ಟ ಜಾಸ್ತಿ.

ಮೆಕ್ಯಾನಿಕ್ ದೃಷ್ಟಿಯಲ್ಲಿ ಈ ಉಲ್ಟಾ ಡಿಸೈನಿನ ಲಾಭ ಕಾಣುದು ಹಾಟ್ ಸೆಕ್ಷನ್, ಅಂದ್ರೆ ಇಂಧನ ಉರಿಯುವ, ಟರ್ಬೈನ್ ಇರುವ ಬಿಸಿ ಭಾಗ, ತೆಗೆಯುವಾಗ. ಪ್ರಾಪ್ ಇಳಿಸಿ, ಇಂಜಿನ್ನಿನ ಎರಡು ಅರ್ಧ ಸೇರುವ ಸಿ-ಫ್ಲ್ಯಾಂಜಿನ ಬೋಲ್ಟ್ ಬಿಚ್ಚಿ, ಹಾಯ್ಸ್ಟಲ್ಲಿ ಎಳೆದ್ರೆ ಇಂಜಿನ್ನಿನ ಮುಂದಿನ ಅರ್ಧ ಹೊರಗೆ ಬರ್ತದೆ, ಹಿಂದಿನ ಅರ್ಧ ರೆಕ್ಕೆಯಲ್ಲೇ ಇರ್ತದೆ. ಟರ್ಬೈನ್ ಬ್ಲೇಡ್ ಎದುರಿಗೇ ಕಾಣ್ತದೆ. ನಮ್ಮ ಬೆಂಗಳೂರಿನ ಎನ್‌ಎಎಲ್‌ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ನವರ ಸರಸ್ ವಿಮಾನ, 2004ರ ಮೇ 29ಕ್ಕೆ ಮೊದಲು ಹಾರಿದ್ದು, ಅದಕ್ಕೂ ಪಿಟಿ6 ಇಂಜಿನ್ನೇ, ಆದ್ರೆ ಬಾಲದ ಹತ್ರ ಕೂರಿಸಿ ಹಿಂದಿನಿಂದ ತಳ್ಳುವ ಹಾಗೆ ಮಾಡಿದ್ರು. ಇಟಲಿಯ ಪಿಯಾಜ್ಜೊ ಅವಂತಿ ವಿಮಾನದ್ದೂ ತಳ್ಳುವುದೇ. ಕ್ಯಾಬಿನ್ನಲ್ಲಿ ಸದ್ದು ಕಮ್ಮಿ, ಚಂದವೂ ಹೌದು, ಆದ್ರೆ ಚಕ್ರ ಎಬ್ಬಿಸಿದ ಕಲ್ಲು ಹಿಂದಿನ ಪ್ರಾಪಿಗೆ ಬಡಿಯುವ ಚಿಂತೆ ಉಂಟಲ್ಲ. ನನ್ನ ಓಟು ಎಳೆಯುವ ಪ್ರಾಪಿಗೇ.

ಇನ್ನು ಉಪ್ಪು. ಕಡಲ ಬದಿಯಲ್ಲಿ ಹಾರಿದ ಇಂಜಿನ್ನಿನಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಬ್ಲೇಡಲ್ಲಿ ಉಪ್ಪು ಕೂರ್ತದೆ. ಅಷ್ಟೇ ಟಾರ್ಕ್ (ತಿರುಗಿಸುವ ಬಲ) ಕೊಡ್ಲಿಕ್ಕೆ ಇಂಜಿನ್ ಜಾಸ್ತಿ ಬಿಸಿ ಆಗ್ತದೆ, ಟರ್ಬೈನ್ ಬಿಸಿ ತೋರಿಸುವ ಐಟಿಟಿ ಮುಳ್ಳು ಏರ್ತದೆ, ಅದಕ್ಕಿಂತ ಕೆಟ್ಟದ್ದು, ಆ ಉಪ್ಪು ಇಂಧನದ ಗಂಧಕದ ಜೊತೆ ಸೇರಿ ಬಿಸಿ ಟರ್ಬೈನ್ ಬ್ಲೇಡಿನ ಲೋಹವನ್ನೇ ತಿನ್ನುತ್ತದೆ. ಅದಕ್ಕೆ ನಾನು ತೊಳೆಯುದು ಹೀಗೆ. ಇಂಜಿನ್ ಪೂರ್ತಿ ತಣಿಯುವವರೆಗೆ ಕಾಯ್ತೇನೆ, ಬಿಸಿಯಲ್ಲಿ ನೀರು ಹೊಡೆದ್ರೆ ಲೋಹಕ್ಕೆ ಆಗುದಿಲ್ಲ. ಇಂಜಿನ್ನಿನಿಂದ ಕ್ಯಾಬಿನ್ನಿಗೆ ಹೋಗುವ ಗಾಳಿ (ಬ್ಲೀಡ್ ಏರ್) ಆಫ್, ಇಗ್ನಿಷನ್ ಆಫ್, ಇಂಧನ ಕಟ್. ಇಂಜಿನ್ನೊಳಗೆ ನೀರು ಚಿಮುಕಿಸುವ ವಾಷ್ ರಿಂಗಿಗೆ ಪೈಪ್ ಸಿಕ್ಕಿಸಿ, ಒಳಗಿದ್ದವನಿಗೆ ಸನ್ನೆ ಮಾಡಿ ಸ್ಟಾರ್ಟರ್ ಕೊಡ್ಸುದು, ಬರೀ ಸುತ್ತುತ್ತಾ ಇರುವಾಗ ಡಿಮಿನರಲೈಸ್ಡ್ (ಲವಣ ತೆಗೆದ) ನೀರು ಬಿಡುದು. ಸ್ಟಾರ್ಟರ್ 40 ಸೆಕೆಂಡ್ ಮೇಲೆ ಓಡಿಸ್ಲಿಕ್ಕಿಲ್ಲ, ಮಧ್ಯೆ 60 ಸೆಕೆಂಡ್ ರೆಸ್ಟ್, ಹೀಗೆ ಮೂರು ಸಲ ಆದ್ರೆ ಅರ್ಧ ಗಂಟೆ ಮುಟ್ಟುವ ಹಾಗಿಲ್ಲ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಒಣಗಿಸುದು, ಇದನ್ನು ಬಿಟ್ರೆ ತೊಳೆದೂ ಪ್ರಯೋಜನ ಇಲ್ಲ.

ಕೊನೆಗೆ ಆಯಿಲ್. ಡಿಪ್‌ಸ್ಟಿಕ್ ನೋಡ್ಬೇಕಾದ್ದು ಇಂಜಿನ್ ಆಫ್ ಆಗಿ 15-20 ನಿಮಿಷದ ಒಳಗೆ. ಬೆಳಿಗ್ಗೆ ನೋಡಿದ್ರೆ ಆಯಿಲ್ ಟ್ಯಾಂಕಿಂದ ಕೆಳಗೆ ಇಳಿದಿರ್ತದೆ, ಕಮ್ಮಿ ಕಾಣ್ತದೆ, ಹೊಸ ಹುಡುಗ್ರು ಒಂದು ಕ್ಯಾನ್ ಸುರಿದು ಬಿಡ್ತಾರೆ, ಹಾರುವಾಗ ಜಾಸ್ತಿ ಆದದ್ದೆಲ್ಲ ಗಾಳಿ ಹೋಗುವ ಬ್ರೀದರ್ ಪೈಪಲ್ಲಿ ಹೊರಗೆ ಬಂದು ಇಂಜಿನ್ನಿನ ಹೊರ ಮುಚ್ಚಳ (ಕೌಲಿಂಗ್) ಇಡೀ ಎಣ್ಣೆ, ಇಳಿದ ಮೇಲೆ ಲೀಕ್ ಎಲ್ಲಿಂದ ಅಂತ ಹುಡುಕುವ ಕೆಲಸ ನಮ್ಮ ತಲೆಗೆ.