ಸಣ್ಣ ತಂಡ ಗೆದ್ದಾಗ ವಿಎಆರ್ ತೀರ್ಪನ್ನು ನೋಡುವ ಬಗೆ

2022ರ ನವೆಂಬರ್ 22ರ ಮಧ್ಯಾಹ್ನ ಮೂರೂವರೆಗೆ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ ನಡುವಣ ವಿಶ್ವಕಪ್ ಪಂದ್ಯ ಆರಂಭವಾದಾಗ, ತುಮಕೂರಿನ ಬಿ.ಎಚ್. ರಸ್ತೆಯ ಟೀ ಅಂಗಡಿಯೊಂದರಲ್ಲಿ ಬಿಸ್ಕತ್ತಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನ ಮುಂದೆ ನಾವು ಏಳೆಂಟು ಮಂದಿ ಕುಳಿತಿದ್ದೆವು. ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ (ಸಂಗಡಿಗ ಚೆಂಡು ಒದೆಯುವಾಗ ಎದುರಾಳಿ ರಕ್ಷಕರ ಸಾಲಿಗಿಂತ ಮುಂದೆ ನಿಂತಿದ್ದ ತಪ್ಪು) ಎಂದು ರದ್ದಾಗಿ, ಕೊನೆಗೆ ಸೌದಿ 2–1ರಿಂದ ಗೆದ್ದಾಗ, ‘ಎಲ್ಲ ಮೊದಲೇ ಮಾತಾಗಿದೆ ಬಿಡಿ’ ಎಂಬ ತೀರ್ಪು ಟೀಗಿಂತ ಬೇಗ ಬಂತು. ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆಯ ಬಗ್ಗೆ ಹಾಗೆನ್ನುವ ಮುನ್ನ ಏನೇನು ನೋಡಬೇಕೆಂಬುದು ಈ ಬರಹದ ವಿಷಯ.

ಮೊದಲು ಕ್ರಿಕೆಟ್‌ನ ಡಿಆರ್‌ಎಸ್ ಅಭ್ಯಾಸವನ್ನು ಬದಿಗಿಡಬೇಕು. ಅಲ್ಲಿ ನಾಯಕ ಕೈಯಿಂದ ‘ಟಿ’ ತೋರಿಸಿ ಮರುಪರಿಶೀಲನೆ ಕೇಳುತ್ತಾನೆ. 2018 ಮತ್ತು 2022ರ ವಿಶ್ವಕಪ್‌ಗಳಲ್ಲಿ ತಂಡಗಳಿಗೆ ಅಂಥ ಹಕ್ಕೇ ಇರಲಿಲ್ಲ. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ ತಪ್ಪು, ಈ ನಾಲ್ಕರಲ್ಲಿ ಮಾತ್ರ ವಿಎಆರ್ ಬಾಯಿ ಹಾಕಬಹುದಿತ್ತು. ರೆಫರಿ ಕಿವಿಗೆ ಬೆರಳಿಟ್ಟರೆ ತಪಾಸಣೆ ನಡೆದಿದೆ ಎಂದೂ, ಗಾಳಿಯಲ್ಲಿ ಚೌಕ ಬರೆದರೆ ತೀರ್ಪಿನ ಮರುಪರಿಶೀಲನೆ ಎಂದೂ ಅರ್ಥ.

ಎರಡನೆಯದಾಗಿ, ಅಳೆಯುವ ಪ್ರಶ್ನೆ ಯಾವುದು, ವಿವೇಚಿಸುವ ಪ್ರಶ್ನೆ ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಜಗಳಗಳಲ್ಲಿ ಹೆಚ್ಚಿನವು ಇವೆರಡನ್ನು ಕಲಸಿಬಿಡುವುದರಿಂದಲೇ ಹುಟ್ಟುತ್ತವೆ. ಕತಾರ್‌ನಲ್ಲಿ ಚಾವಣಿಯಡಿಯ 12 ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು; ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಇದು ಅಳತೆ. ಚೆಂಡು ಯಾರ ಕಾಲಿನಿಂದ ಬಂತೆಂಬುದು ವಿವೇಚನೆ. 2018ರಲ್ಲಿ ರಷ್ಯಾದ ಕಜಾನ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಯಂಗ್‌-ಗ್ವಾನ್ ಗೋಲು ಹೊಡೆದಾಗ ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ್ದರೂ, ಚೆಂಡು ಬಂದದ್ದು ಸಂಗಡಿಗನಿಂದಲ್ಲ, ಎದುರಾಳಿ ಜರ್ಮನಿಯ ಟೋನಿ ಕ್ರೂಸ್ ಕಾಲಿನಿಂದ ಎಂದು ವಿಡಿಯೊದಲ್ಲಿ ಕಂಡ ಮೇಲೆ ಗೋಲು ಊರ್ಜಿತವಾಯಿತು. ಕೊರಿಯಾ 2–0ರಿಂದ ಗೆದ್ದಿತು, ಜರ್ಮನಿ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಆದ್ದರಿಂದ ಮರುಪ್ರಸಾರ ಬಂದಾಗ ಗೋಲು ಹೊಡೆದವನನ್ನಲ್ಲ, ಚೆಂಡು ಕೊಟ್ಟವನ ಕಾಲನ್ನು ಮೊದಲು ನೋಡಿ.

ಗೆರೆಯ ವಿಷಯಕ್ಕೆ ಒಂದು ನಿಂಬೆಹಣ್ಣು ಸಾಕು. ಅದನ್ನು ಮಡಿಸಿದ ದಿನಪತ್ರಿಕೆಯ ಅಂಚಿನ ಆಚೆಗೆ, ಹೊಟ್ಟೆ ಮಾತ್ರ ಅಂಚಿನ ಮೇಲೆ ಚಾಚಿರುವಂತೆ ಇಡಿ. ತಗ್ಗಿನಿಂದ ನೋಡಿದರೆ ಹಣ್ಣಿಗೂ ಕಾಗದಕ್ಕೂ ನಡುವೆ ಸಂದು ಕಾಣುತ್ತದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ಹಣ್ಣು ಇನ್ನೂ ಕಾಗದದ ಮೇಲಿರುತ್ತದೆ. ಗೆರೆಯೂ ಮೈದಾನದ ಭಾಗವಾದ್ದರಿಂದ ಚೆಂಡು ಇಡಿಯಾಗಿ ದಾಟಿದರಷ್ಟೇ ಅದು ಹೊರಗೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್‌ನ ಮಿತೋಮಾ ಗೆರೆಯಂಚಿನಿಂದ ಎಳೆದು ತಂದ ಚೆಂಡು ಟನಾಕಾ ಅವರ ಗೋಲಾಗಿ ಉಳಿದದ್ದು, ಪಂದ್ಯ 2–1 ಆದದ್ದು ಈ ಲೆಕ್ಕದಲ್ಲೇ.

ಇನ್ನು ಹ್ಯಾಂಡ್‌ಬಾಲ್. 2024ರ ಯೂರೊ ಕೂಟದಲ್ಲಿ ಜರ್ಮನಿಯ ವಿರುದ್ಧ ಡೆನ್ಮಾರ್ಕ್‌ನ ಆಂಡರ್ಸನ್ ಹೊಡೆದ ಗೋಲು ಸಂಗಾತಿಯ ಕೂದಲೆಳೆಯ ಆಫ್‌ಸೈಡ್‌ನಿಂದ ರದ್ದಾಯಿತು. ಕೆಲವೇ ನಿಮಿಷಗಳಲ್ಲಿ ಅದೇ ಆಂಡರ್ಸನ್ ಕೈಗೆ ಚೆಂಡು ತಾಗಿ ಜರ್ಮನಿಗೆ ಪೆನಾಲ್ಟಿ ಸಿಕ್ಕಿತು. ತಾಗಿದ ಕ್ಷಣವನ್ನು ಪರದೆಯ ಮೇಲೆ ಕ್ರಿಕೆಟ್‌ನ ಸ್ನಿಕೊದಂತೆಯೇ ಗೀಟು ಏರಿಸಿ ತೋರಿಸಿದರು. ತಾಗಿತೆಂದು ಯಂತ್ರ ಹೇಳುತ್ತದೆ, ಅಪರಾಧವೇ ಎಂದು ಹೇಳುವುದು ಮನುಷ್ಯ. ಇಲ್ಲಿ ಧಾರಾಳವಾಗಿ ವಾದಿಸಿ. ನನಗಂತೂ ಆ ಪೆನಾಲ್ಟಿ ಇಂದಿಗೂ ಅತಿಯೆನಿಸುತ್ತದೆ.

ಕೊನೆಯದಾಗಿ, ಸಣ್ಣ ತಂಡ ಏನು ಮಾಡಿತೆಂದು ನೋಡಬೇಕು. ಅಂದು ಸೌದಿಯ ರಕ್ಷಕರು ಮೈದಾನದ ನಡುಗೆರೆಯತ್ತ ಏರಿ ಸಾಲುಗಟ್ಟಿ ನಿಂತು ಎದುರಾಳಿಯನ್ನು ಆಫ್‌ಸೈಡ್‌ಗೆ ಬೀಳಿಸುತ್ತಿದ್ದರು. ಒಬ್ಬ ಹಿಂದುಳಿದರೂ ಕೆಡುವ ಆಟವದು. ಅಳತೆ ನಿಖರವಾಗಿದ್ದರೆ ಮಾತ್ರ ಆ ಧೈರ್ಯಕ್ಕೆ ಬೆಲೆ. ಅವರ ಗೋಲುಗಳು 48 ಮತ್ತು 53ನೇ ನಿಮಿಷಗಳಲ್ಲಿ ಬಂದವು. ಎರಡನೆಯದರ ಮರುಪ್ರಸಾರವನ್ನು ನಮ್ಮ ಟೀ ಅಂಗಡಿಯಲ್ಲಿ ಯಾರೂ ಸರಿಯಾಗಿ ನೋಡಲಿಲ್ಲ; ಎಲ್ಲರೂ ಮೊದಲಾರ್ಧದ ಗೆರೆಗಳ ಬಗ್ಗೆಯೇ ಜಗಳವಾಡುತ್ತಿದ್ದರು.