ಡೆಲ್ ವ್ಯಾಲೆ ಕೆರೆಗೆ ಗಾಳ ಹಿಡಿದು ಹೊರಡುವ ಮುನ್ನ

ನಮ್ಮ ಊರುಗಳಲ್ಲಿ ಕೆರೆಯ ಮೀನಿಗೆ ಒಬ್ಬ ವಾರಸುದಾರ ಇದ್ದೇ ಇರುತ್ತಾನೆ. ಮೀನುಗಾರಿಕೆ ಇಲಾಖೆಯೋ ಪಂಚಾಯಿತಿಯೋ ಹರಾಜು ಕೂಗಿ, ಇಲ್ಲವೇ ಸಹಕಾರ ಸಂಘಕ್ಕೆ ಗುತ್ತಿಗೆ ಕೊಟ್ಟ ಮೇಲೆ, ಕಟ್ಲಾ, ರೋಹು ಮರಿಗಳ ಬಿತ್ತನೆಯಿಂದ ಹಿಡಿದು ರಾತ್ರಿ ಕಾವಲಿನವರೆಗೆ ಎಲ್ಲವೂ ಗುತ್ತಿಗೆ ಹಿಡಿದವರ ಪಾಲು. ದಂಡೆಯಲ್ಲಿ ಗಾಳ ಹಾಕುವ ಹುಡುಗ ಕಾವಲುಗಾರನ ಕಣ್ಣು ತಪ್ಪಿಸಿದರೆ ಆಯಿತು. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಕೆರೆಗಳಲ್ಲಿ ಅಂಥ ಗುತ್ತಿಗೆದಾರ ಕಾಣುವುದಿಲ್ಲವಾದ್ದರಿಂದ, ಹೊಸದಾಗಿ ಬಂದವರಿಗೆ ಇಲ್ಲಿ ಕೇಳುವವರೇ ಇಲ್ಲ ಎಂಬ ಭಾವನೆ ಬರುವುದು ಸಹಜ. ವಾಸ್ತವದಲ್ಲಿ ಗುತ್ತಿಗೆದಾರ ಇಟ್ಟುಕೊಳ್ಳಬೇಕಾದ ಲೆಕ್ಕವನ್ನು ಇಲ್ಲಿ ಗಾಳ ಹಿಡಿದ ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕು: ಯಾವ ಮೀನು, ಎಷ್ಟು ಉದ್ದ, ದಿನಕ್ಕೆ ಎಷ್ಟು, ಯಾರ ಹೆಸರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಹತ್ತಿರವಾದ ಡೆಲ್ ವ್ಯಾಲೆ ಕೆರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಆ ಲೆಕ್ಕವನ್ನು ವಿವರಿಸುತ್ತೇನೆ.

ಲಿವರ್ಮೋರ್ ಪಟ್ಟಣದ ದಕ್ಷಿಣಕ್ಕೆ ಸುಮಾರು 10 ಮೈಲಿ ದೂರದಲ್ಲಿ, ಓಕ್ ಮರಗಳ ಗುಡ್ಡಗಳ ನಡುವೆ ಸುಮಾರು 5 ಮೈಲಿ ಉದ್ದಕ್ಕೆ ಚಾಚಿಕೊಂಡಿರುವ ಈ ನೀರನ್ನು ನಾವು ಕೆರೆ ಎಂದರೂ ಇದು ಅಣೆಕಟ್ಟೆಯ ಹಿನ್ನೀರು. 1968ರಲ್ಲಿ ಪೂರ್ಣಗೊಂಡ ಕಟ್ಟೆ ರಾಜ್ಯದ ಜಲಸಂಪನ್ಮೂಲ ಇಲಾಖೆಗೆ ಸೇರಿದ್ದು, ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕಿನ್ ನದಿಗಳು ಸೇರುವ ಡೆಲ್ಟಾದಿಂದ ಬರುವ ಸೌತ್ ಬೇ ಕಾಲುವೆಯ ನೀರೂ ಇಲ್ಲಿ ಸಂಗ್ರಹವಾಗುತ್ತದೆ. ಫ್ರೀಮಾಂಟಿನಲ್ಲಿ ನೀವು ಬೆಳಿಗ್ಗೆ ಕಾಫಿಗೆ ಇಡುವ ನೀರಿನಲ್ಲಿ ಈ ವ್ಯವಸ್ಥೆಯ ಪಾಲೂ ಇರುತ್ತದೆ. ದಂಡೆ, ದೋಣಿಕಟ್ಟೆ, ಶಿಬಿರತಾಣಗಳನ್ನು ನೋಡಿಕೊಳ್ಳುವುದು ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಜಿಲ್ಲೆ. ಮೀನಿನ ಕಾನೂನು ಮಾತ್ರ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯದು. ಒಂದೇ ನೀರಿಗೆ ಮೂವರು ಒಡೆಯರಿರುವ ಈ ಏರ್ಪಾಡು ಅರ್ಥವಾದರೆ, ಇಲ್ಲಿ ಎರಡು ಬಗೆಯ ಚೀಟಿಗಳು ಯಾಕೆ ಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಮೊದಲನೆಯದು ರಾಜ್ಯದ ಲೈಸೆನ್ಸ್. 16 ವರ್ಷ ತುಂಬಿದ ಯಾರೇ ಆಗಲಿ, ಗಾಳ ನೀರಿಗೆ ಬೀಳುವ ಮೊದಲು ಅದು ಕೈಯಲ್ಲಿರಬೇಕು. ಇಲಾಖೆಯ ಜಾಲತಾಣದಲ್ಲಿಯೂ ಕ್ರೀಡಾ ಸಾಮಗ್ರಿಯ ಹಾಗೂ ಎರೆ ಮಾರುವ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ವಾರ್ಷಿಕ ಲೈಸೆನ್ಸ್ ಹಿಂದೆ ಡಿಸೆಂಬರ್ ಕೊನೆಗೆ ಮುಗಿದುಹೋಗುತ್ತಿತ್ತು. 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಸತತವಾಗಿ ಆರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ವಾಸವಾಗಿದ್ದವರು ನಿವಾಸಿಗಳ ದರದಲ್ಲಿ ಕೊಳ್ಳಬಹುದು. ಈ ದರಕ್ಕೆ ವಾಸದ ಅವಧಿ ಮುಖ್ಯವೇ ಹೊರತು ಪೌರತ್ವವಲ್ಲ; ಉದ್ಯೋಗದ ವೀಸಾದಲ್ಲಿರುವವರು ಹೊರನಾಡಿನವರ ದುಬಾರಿ ಶುಲ್ಕವನ್ನು ಸುಮ್ಮನೆ ತೆತ್ತು ಬರುವುದನ್ನು ನಾನು ಕಂಡಿದ್ದೇನೆ. ನಿವಾಸಿಗಳ ವಾರ್ಷಿಕ ಶುಲ್ಕವೇ 60 ಡಾಲರ್ ದಾಟಿದೆ, ಪ್ರತಿ ವರ್ಷ ಚೂರುಪಾರು ಏರುತ್ತದೆ. ಆದ್ದರಿಂದ ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವವರಿಗೆ ಒಂದು ದಿನದ ಅಥವಾ ಎರಡು ದಿನದ ಲೈಸೆನ್ಸೇ ಲೇಸು. ಈ ಕಿರು ಅವಧಿಯ ಲೈಸೆನ್ಸುಗಳಿಗೆ ನಿವಾಸಿ, ಪರಸ್ಥಳದವರು ಎಂಬ ಭೇದವಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ ಈ ಕೊನೆಯ ಮಾತು ನೆನಪಿಗೆ ಬರಬೇಕು. ಕೆಲವು ವರ್ಷಗಳ ಹಿಂದೆ ಬೇರೊಂದು ಕೆರೆಯಲ್ಲಿ ನಾನು ನನ್ನ ಗಾಳದ ಕೋಲನ್ನು ಮಾವನವರ ಕೈಗೆ ಕೊಟ್ಟು, ಫೋಟೋ ತೆಗೆಯಲೆಂದು ಹತ್ತು ಹೆಜ್ಜೆ ಹಿಂದೆ ಸರಿದಿದ್ದೆ. ಅವರು ಮಲೆನಾಡಿನವರು, ಹೊಳೆಯ ಬದಿಯ ಅಭ್ಯಾಸ ಮರಳಿ ಬಂದು ಫೋಟೋದ ಮಾತೇ ಮರೆತು ದಾರವನ್ನು ಬೆರಳಲ್ಲಿ ಹಿಡಿದು ತದೇಕಚಿತ್ತರಾಗಿ ಕೂತುಬಿಟ್ಟರು. ಅಷ್ಟರಲ್ಲಿ ಸಮವಸ್ತ್ರದ ಅಧಿಕಾರಿಯೊಬ್ಬರು ಬಂದು ಲೈಸೆನ್ಸ್ ಕೇಳಿದರು. ನನ್ನದನ್ನು ತೋರಿಸಿದೆ, ಅವರು ಅದನ್ನು ನೋಡಿ, ಗಾಳ ಯಾರ ಕೈಯಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಎಚ್ಚರಿಕೆಯ ಮಾತಿನಲ್ಲೇ ಬಿಟ್ಟದ್ದು ಅವರ ದೊಡ್ಡ ಮನಸ್ಸು, ತಪ್ಪು ಪೂರ್ತಿ ನನ್ನದು. ಲೈಸೆನ್ಸ್ ಕುಟುಂಬಕ್ಕಲ್ಲ, ವ್ಯಕ್ತಿಗೆ. ಮಗುವಿಗೆ ಬೇಡವೆಂದು ಮಗುವಿನ ಹೆಸರಿನಲ್ಲಿ ತಂದೆ ಮೀನು ಹಿಡಿಯುತ್ತಾ ಕೂರುವುದೂ ನಡೆಯುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಕಡಲ ಬದಿಯಿಂದ ಬಂದದ್ದು. ಸಮುದ್ರ ಮತ್ತು ಕೊಲ್ಲಿಯ ಮೇಲೆ ಕಟ್ಟಿದ ಸಾರ್ವಜನಿಕ ಪಿಯರ್‌ಗಳಲ್ಲಿ ನಿಂತು ಗಾಳ ಹಾಕುವವರಿಗೆ ಲೈಸೆನ್ಸ್ ಬೇಡ. ಪೆಸಿಫಿಕಾದ ಪಿಯರ್‌ನಲ್ಲಿ ಹಾಯಾಗಿ ನಿಂತು ಬಂದವರು ಕೆರೆಯ ಮರದ ಅಟ್ಟಣೆಗೂ ಅದೇ ವಿನಾಯಿತಿ ಇದೆ ಎಂದುಕೊಳ್ಳುತ್ತಾರೆ. ಸಿಹಿನೀರಿಗೆ ಅದು ಅನ್ವಯಿಸುವುದಿಲ್ಲ. ವರ್ಷದಲ್ಲಿ ಎರಡು ದಿನ, ಸಾಮಾನ್ಯವಾಗಿ ಜುಲೈ 4ರ ಆಸುಪಾಸಿನಲ್ಲಿ ಒಂದು ಮತ್ತು ಸೆಪ್ಟೆಂಬರಿನ ಕಾರ್ಮಿಕ ದಿನದ ಆಸುಪಾಸಿನಲ್ಲಿ ಒಂದು, ಲೈಸೆನ್ಸ್ ಇಲ್ಲದೆಯೂ ಗಾಳ ಹಾಕಬಹುದಾದರೂ ಉಳಿದ ನಿಯಮಗಳಿಗೆ ಅಂದು ರಜೆ ಇರುವುದಿಲ್ಲ.

ಎರಡನೆಯ ಚೀಟಿ ಉದ್ಯಾನ ಜಿಲ್ಲೆಯ ದಿನದ ಪರ್ಮಿಟ್. ಇದೂ 16 ತುಂಬಿದವರಿಗೇ; ಈ ಹಣ ಕೆರೆಗೆ ಮೀನು ಬಿಡುವ ಖರ್ಚಿಗೆ ಹೋಗುತ್ತದೆ. ವಾಹನ ನಿಲುಗಡೆಯ ಶುಲ್ಕ ಕೊಟ್ಟದ್ದನ್ನೇ ಪರ್ಮಿಟ್ ಎಂದು ತಿಳಿಯಬಾರದು.

ಇನ್ನು ಕೆರೆಯ ಸ್ಥಿತಿಗತಿ. ಉದ್ಯಾನ ಜಿಲ್ಲೆ ಪ್ರಕಟಿಸುವ ಮೀನುಗಾರಿಕೆ ವರದಿಯಲ್ಲಿ ನೀರಿನ ತಾಪಮಾನ, ಬಿಟ್ಟ ಮೀನಿನ ತೂಕ ಪೌಂಡುಗಳಲ್ಲಿ, ಯಾವ ಜಾಗದಲ್ಲಿ ಯಾವ ಎರೆಗೆ ಮೀನು ಬೀಳುತ್ತಿದೆ ಎಂಬ ಸುದ್ದಿ ಇರುತ್ತದೆ. ಹೆಚ್ಚಿನವರು ಪೌಂಡಿನ ಸಂಖ್ಯೆಯನ್ನಷ್ಟೇ ಓದಿ ಹೊರಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಮೊದಲು ಓದಬೇಕಾದದ್ದು ತಾಪಮಾನ. ಇಲ್ಲಿ ಬಿತ್ತನೆ ಎಂದರೆ ನಮ್ಮಲ್ಲಿಯಂತೆ ಮರಿ ಬಿಟ್ಟು ವರ್ಷ ಕಾಯುವುದಲ್ಲ. ಸಾಕಾಣಿಕೆ ಕೇಂದ್ರದಲ್ಲಿ ಹಿಡಿಯುವ ಗಾತ್ರಕ್ಕೆ ಬೆಳೆಸಿದ ರೇನ್‌ಬೋ ಟ್ರೌಟ್ ಮೀನನ್ನು ಲಾರಿಯಲ್ಲಿ ತಂದು ಸುರಿಯುತ್ತಾರೆ. ಈ ಮೀನು ತಣ್ಣೀರಿನ ಜೀವ; 50ರಿಂದ 60 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಹಿತ, 70 ದಾಟಿದರೆ ಉಸಿರಿಗೇ ಕಷ್ಟ. ಹಾಗಾಗಿ ಟ್ರೌಟ್ ಬಿತ್ತನೆ ಶರತ್ಕಾಲದ ಕೊನೆಯಿಂದ ವಸಂತದವರೆಗೆ ನಡೆಯುತ್ತದೆ, ಬೇಸಿಗೆಯಲ್ಲಿ ಅದರ ಬದಲು ಕ್ಯಾಟ್‌ಫಿಷ್ ಬಿಡುತ್ತಾರೆ. ನಮ್ಮ ಮುರುಗೋಡಿನಂತೆ ಮೀಸೆಯುಳ್ಳ ಈ ಮೀನು ಬೆಚ್ಚಗಿನ ಕಲಕು ನೀರಿಗೆ ಅಂಜುವುದಿಲ್ಲ.

ಚಳಿಗಾಲದಲ್ಲಿ ಕೆರೆಯ ನೀರು ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ತಣ್ಣಗಿರುವುದರಿಂದ ಟ್ರೌಟ್ ದಂಡೆಯ ಹತ್ತಿರಕ್ಕೇ ಬರುತ್ತದೆ. ಹೊಸದಾಗಿ ಬಿಟ್ಟ ಮೀನುಗಳು ದೋಣಿಕಟ್ಟೆಯ ಸುತ್ತಲೇ ಕೆಲವು ದಿನ ಗುಂಪಾಗಿ ಸುಳಿದಾಡಿ, ಆಮೇಲೆ ನ್ಯಾರೋಸ್, ಸ್ವಾಲೋ ಬೇ ಮುಂತಾದ ಕಡೆ ಚದುರುತ್ತವೆ. ಬೇಸಿಗೆ ಏರಿದಂತೆ ಬಿಸಿಯಾದ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ ಎಂದು ಪದರಗಳು ಬೇರೆಯಾಗುತ್ತವೆ. ತಳದ ಪದರಕ್ಕೆ ಹೊಸ ಆಮ್ಲಜನಕ ಇಳಿಯುವುದಿಲ್ಲ, ಮೇಲಿನದು ಬಿಸಿ. ಉಳಿದ ಟ್ರೌಟ್ ಇವೆರಡರ ನಡುವಿನ ತೆಳು ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ. ದಂಡೆಯಲ್ಲಿ ಕೂತವರ ಗಾಳ ಅಲ್ಲಿಗೆ ತಲುಪದು. ಆಗಸ್ಟ್ ತಿಂಗಳ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಿ ಟ್ರೌಟ್‌ಗೆಂದು ನಾಲ್ಕು ಗಂಟೆ ಕಾದು ಬರಿಗೈಯಲ್ಲಿ ಮರಳುವ ಕುಟುಂಬಗಳಿಗೆ ಕೈಕೊಡುವುದು ಅದೃಷ್ಟವಲ್ಲ, ಈ ಪದರ. ಆ ತಿಂಗಳಲ್ಲಿ ಸಂಜೆ ಹೋಗಿ ಕ್ಯಾಟ್‌ಫಿಷ್‌ಗೆ ಕೋಳಿಯ ಪಿತ್ತಜನಕಾಂಗವನ್ನೋ ಬಂಗುಡೆಯ ಜಾತಿಯ ಮ್ಯಾಕೆರೆಲ್ ತುಂಡನ್ನೋ ಚುಚ್ಚಬೇಕು. ಮಂಗಳೂರಿನ ಸ್ನೇಹಿತರೊಬ್ಬರಿಗೆ ಇಂಥ ಮೀನನ್ನು ಗಾಳಕ್ಕೆ ಚುಚ್ಚುವುದನ್ನು ನೋಡಿಯೇ ಸಂಕಟವಾಗಿತ್ತು.

ಮಳೆಯ ನಂತರದ ದಿನಗಳಲ್ಲಿ ತೊರೆ ಬಂದು ಸೇರುವ ಮೇಲ್ತುದಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕಟ್ಟೆಯ ಕಡೆ ನೀರು ಬೇಗ ತಿಳಿಯಾಗುವುದರಿಂದ ಅಲ್ಲಿಗೇ ಹೋಗುವುದು ಮೇಲು. ಶರತ್ಕಾಲದಲ್ಲಿ, ಇಲ್ಲಿನ ಚಳಿಗಾಲದ ಮಳೆಯ ಪ್ರವಾಹಕ್ಕೆ ಜಾಗ ಮಾಡಿಕೊಡಲು ನೀರಿನ ಮಟ್ಟವನ್ನು ಇಳಿಸುತ್ತಾರಾದ್ದರಿಂದ, ಜುಲೈನಲ್ಲಿ ಕೂತ ಬಂಡೆ ನವೆಂಬರಿನಲ್ಲಿ ನೀರಿನಿಂದ ದೂರ ಉಳಿದಿರುತ್ತದೆ.

ಟ್ರೌಟ್‌ಗೆ ಬಳಸುವ ಸರಳ ಜೋಡಣೆಯನ್ನು ಹೇಳುವುದಾದರೆ, ದಾರದಲ್ಲಿ ಜಾರಾಡುವ ಸಣ್ಣ ಸೀಸದ ಗುಂಡು ತಳದಲ್ಲಿ ಕೂರುತ್ತದೆ, ಅದರಾಚೆ ಒಂದೂವರೆ ಅಡಿ ತೆಳು ದಾರದ ತುದಿಯ ಸಣ್ಣ ಗಾಳಕ್ಕೆ ಪವರ್‌ಬೈಟ್ ಎಂಬ ತೇಲುವ ಹಿಟ್ಟನ್ನು ಬಟಾಣಿ ಗಾತ್ರ ಮೆತ್ತುತ್ತಾರೆ. ಹಿಟ್ಟು ಗಾಳವನ್ನು ತಳದ ಪಾಚಿಯಿಂದ ಮೇಲೆತ್ತಿ ಹಿಡಿಯುತ್ತದೆ. ಮೀನು ಕಚ್ಚಿ ಎಳೆದಾಗ ದಾರ ಗುಂಡಿನೊಳಗೆ ಜಾರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. ನಮಗೆ ಪರಿಚಿತವಾದ ಎರೆಹುಳುವೂ ನಡೆಯುತ್ತದೆ. ಒಬ್ಬರಿಗೆ ಒಂದೇ ಕೋಲು, ಅದರ ಪಕ್ಕದಲ್ಲೇ ಇರಬೇಕು. ಎರಡನೆಯ ಕೋಲಿಗೆ ಪ್ರತ್ಯೇಕ ಶುಲ್ಕದ ಪರವಾನಗಿ ಇದೆ. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನಿಗೆ ಮಂಡಕ್ಕಿ ಚೆಲ್ಲಿದ ಅಭ್ಯಾಸದಲ್ಲಿ ಇಲ್ಲಿ ನೀರಿಗೆ ಅನ್ನ, ಬ್ರೆಡ್ಡು ಎರಚಿ ಮೀನು ಸೇರಿಸಲು ಹೋಗಬೇಡಿ. ರಾಜ್ಯದ ಒಳನಾಡಿನ ಹೆಚ್ಚಿನ ನೀರುಗಳಲ್ಲಿ ಅದಕ್ಕೆ ಅನುಮತಿಯಿಲ್ಲ.

ಸಿಕ್ಕ ಮೀನನ್ನು ಎಣಿಸಿಕೊಳ್ಳುವುದು ಮುಂದಿನ ಕೆಲಸ. ಕೆರೆಗಳ ಸಾಮಾನ್ಯ ನಿಯಮದಂತೆ ಟ್ರೌಟ್ ದಿನಕ್ಕೆ 5. ಮನೆಯ ಫ್ರೀಜರಿನಲ್ಲಿರುವುದೂ ಸೇರಿ ಒಬ್ಬರ ವಶದಲ್ಲಿ 10. ಕೆರೆಯ ಇನ್ನೊಂದು ಮೀನಾದ ಬ್ಲ್ಯಾಕ್ ಬಾಸ್ ಕೂಡ 5, ಆದರೆ ಒಂದೊಂದೂ ಕನಿಷ್ಠ 12 ಅಂಗುಲ ಇರಬೇಕು. ಅಳತೆ ಮೂತಿಯ ತುದಿಯಿಂದ ಬಾಲದ ಉದ್ದನೆಯ ಕವಲಿನ ತುದಿಗೆ, ನೇರ ಗೆರೆಯಲ್ಲಿ. ಬೆನ್ನಿನ ಉಬ್ಬಿನ ಮೇಲೆ ಟೇಪು ಎಳೆದು ಹನ್ನೊಂದೂವರೆಯನ್ನು ಹನ್ನೆರಡು ಮಾಡುವ ಚಾಣಾಕ್ಷತನಕ್ಕೆ ಅಧಿಕಾರಿಗಳು ಮರುಳಾಗುವುದಿಲ್ಲ. ನಿಮ್ಮ ಐದು ಮುಗಿದ ಮೇಲೆ ಪಕ್ಕದವರ ಪಾಲಿಗೆಂದು ಮುಂದುವರಿಸುವಂತಿಲ್ಲ. ದಂಡೆಯಲ್ಲೇ ತುಂಡು ಮಾಡಿದರೆ ಉದ್ದ, ಜಾತಿ ಗುರುತಿಸಲಾಗದ ಕಾರಣ ಮೀನನ್ನು ಇಡಿಯಾಗಿಯೇ ಮನೆಗೆ ತರಬೇಕು. ಮಾರುವುದಂತೂ ಅಪರಾಧ; ಬದುಕಿರುವ ಮೀನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಬೇರೆ ಕೆರೆಗೆ ಬಿಡುವುದೂ ಅಷ್ಟೇ. ಕೆರೆಗೊಂದು ವಿಶೇಷ ನಿಯಮ ಇರಬಹುದಾದ್ದರಿಂದ ಹೊರಡುವ ವಾರ ಇಲಾಖೆಯ ನಿಯಮಪುಟವನ್ನು ಕೆರೆಯ ಹೆಸರು ಹಾಕಿ ನೋಡಿಕೊಳ್ಳಿ.

ಲೈಸೆನ್ಸಿಗಿಂತ ಹೆಚ್ಚು ಗಮನ ಕೊಡಬೇಕಾದ, ಆದರೆ ನಮ್ಮವರು ಅತಿ ಕಡಿಮೆ ಓದುವ ವಿಷಯ ಪಾದರಸ. ಚಿನ್ನ ಬೇರ್ಪಡಿಸಲು ಪಾದರಸ ಬೇಕಾಗಿದ್ದ 19ನೇ ಶತಮಾನದಲ್ಲಿ ಈ ಸೀಮೆಯ ಬೆಟ್ಟಗಳನ್ನು ಅದಕ್ಕಾಗಿ ಅಗೆದರು. ಸ್ಯಾನ್ ಹೊಸೆಯ ನಮ್ಮವರು ಭಾನುವಾರ ನಡೆಯಲು ಹೋಗುವ ಆಲ್ಮಡೆನ್ ಕ್ವಿಕ್‌ಸಿಲ್ವರ್ ಉದ್ಯಾನವೇ ಉತ್ತರ ಅಮೆರಿಕದ ಬಹುದೊಡ್ಡ ಪಾದರಸದ ಗಣಿಯ ಜಾಗ. ಅಲ್ಲಿಂದ ಹರಿದ ಲೋಹ ಕೆಸರಿನಲ್ಲಿ ಕೂತು, ಸೂಕ್ಷ್ಮಾಣುಗಳ ಮೂಲಕ ಮೀಥೈಲ್ ರೂಪಕ್ಕೆ ತಿರುಗಿ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತಾ ಹೋಗುತ್ತದೆ. ಆಲ್ಮಡೆನ್, ಕಲೆರೊ, ಗ್ವಾಡಲೂಪೆ ಜಲಾಶಯಗಳ ಮೀನನ್ನು ತಿನ್ನಲೇಬೇಡಿ ಎಂಬ ಸರ್ಕಾರಿ ಸಲಹೆ ಬಹುಕಾಲದಿಂದ ಇದೆ, ಹಿಡಿದು ಬಿಟ್ಟುಬಿಡಬೇಕು. ಉಳಿದ ಕೆರೆಗಳಿಗೆ ರಾಜ್ಯದ ಪರಿಸರ ಆರೋಗ್ಯ ಅಪಾಯ ಮೌಲ್ಯಮಾಪನ ಕಚೇರಿ ಕೆರೆವಾರು ಸಲಹೆಗಳನ್ನು ಕೊಡುತ್ತದೆ. ಪ್ರತ್ಯೇಕ ಸಲಹೆ ಇಲ್ಲದ ಕಡೆ ಅನ್ವಯಿಸುವ ರಾಜ್ಯಮಟ್ಟದ ಸಲಹೆಯಲ್ಲಿ 18ರಿಂದ 49 ವರ್ಷದ ಮಹಿಳೆಯರು ಮತ್ತು ಮಕ್ಕಳು ಬಾಸ್ ಮೀನನ್ನು ತಿನ್ನಬಾರದೆಂದಿದೆ. ಬಾಸ್ ಬೇರೆ ಮೀನುಗಳನ್ನು ತಿಂದು ವರ್ಷಗಟ್ಟಲೆ ಬದುಕುವುದೇ ಇದಕ್ಕೆ ಕಾರಣ. ಲಾರಿಯಿಂದ ಇಳಿದು ಕೆಲವೇ ವಾರವಾದ ಟ್ರೌಟ್‌ನಲ್ಲಿ ಪಾದರಸ ಕಡಿಮೆ, ಮನೆಮಂದಿಗೆಲ್ಲ ಬಡಿಸಬೇಕೆಂದರೆ ಅದೇ ಸರಿ. ಹುಣಸೆಹುಳಿಯಲ್ಲಿ ಕುದಿಸಿದರೂ ರವೆಯಲ್ಲಿ ಹೊರಳಿಸಿ ಕರಿದರೂ ಮಾಂಸದೊಳಗಿನ ಪಾದರಸ ಹೋಗುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಫಲಕ ನೋಡಬೇಕು. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕಾಣುವ ನೀಲಿ-ಹಸಿರು ಪಾಚಿ ವಿಷ ಬಿಡಬಲ್ಲದು. ಅದರ ಪ್ರಮಾಣಕ್ಕೆ ತಕ್ಕಂತೆ ಜಾಗ್ರತೆ, ಎಚ್ಚರಿಕೆ, ಅಪಾಯ ಎಂಬ ಮೂರು ಹಂತದ ಫಲಕ ಹಾಕುತ್ತಾರೆ. ಜಾಗ್ರತೆಯ ಹಂತದಲ್ಲಿ ಮೀನಿನ ಕರುಳು ಬಿಸಾಡಿ ಮಾಂಸವನ್ನು ನಲ್ಲಿ ನೀರಿನಲ್ಲಿ ತೊಳೆದು ಬೇಯಿಸಬಹುದು. ಅಪಾಯದ ಹಂತದಲ್ಲಿ ಆ ನೀರಿನ ಮೀನು ಬೇಡವೇ ಬೇಡ. ಕರಾವಳಿಯವರು ಕೆರೆಮೀನಿಗೆ ಮಣ್ಣಿನ ವಾಸನೆ ಎಂದು ಮೂಗು ಮುರಿಯುವುದಕ್ಕೂ ಬಹುಪಾಲು ಇಂಥ ಸೂಕ್ಷ್ಮಜೀವಿಗಳು ಉಂಟುಮಾಡುವ ವಸ್ತುವೇ ಕಾರಣ, ಆದರೆ ಆ ವಾಸನೆ ವಿಷವಲ್ಲ.

ಗಾಳಿ ತುಂಬುವ ಕಯಾಕ್ ಕೊಂಡವರಿಗೆ ಒಂದು ಮಾತು. 2024ರ ಅಕ್ಟೋಬರಿನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸೆಲ್ ಎಂಬ, ದೋಣಿಗೆ ಅಂಟಿ ಕೆರೆಯಿಂದ ಕೆರೆಗೆ ಹರಡುವ ಹೊರನಾಡಿನ ಚಿಪ್ಪುಜೀವಿ ಕಾಣಿಸಿಕೊಂಡ ಮೇಲೆ ಅನೇಕ ಜಲಾಶಯಗಳು ದೋಣಿಗಳ ತಪಾಸಣೆಯನ್ನು ಬಿಗಿಗೊಳಿಸಿವೆ. ಒದ್ದೆ ದೋಣಿಯನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬೇಡಿ, ಹೊರಡುವ ಮೊದಲು ಆ ಕೆರೆಯ ದೋಣಿ ನಿಯಮ ಓದಿ. ಲೈಸೆನ್ಸನ್ನೂ ಹಿಂದಿನ ರಾತ್ರಿಯೇ ಕೊಂಡು ಇಟ್ಟುಕೊಳ್ಳುವುದು ಒಳ್ಳೆಯದು: ಲಿವರ್ಮೋರಿನ ದ್ರಾಕ್ಷಿತೋಟಗಳನ್ನು ದಾಟಿ ಗುಡ್ಡದ ತಿರುವುಗಳನ್ನು ಇಳಿಯತೊಡಗಿದ ಮೇಲೆ ಮೊಬೈಲಿನ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ.