ಕ್ಯಾಸೆಟ್ ಸೆಟ್ ತೆಗೆಯದೆ ಫೋನಿನ ಹಾಡು: ಹಳೆ ಸ್ಯಾನ್ ಸ್ಟಾರ್ಮ್‌ನಲ್ಲಿ ನನ್ನ ಅನುಭವ

ನನ್ನ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಇದೆ. ದಾವಣಗೆರೆಯಲ್ಲಿ ಸಿಗ್ನಲ್‌ಗೆ ನಿಂತರೆ ಸಾಕು, ಪಕ್ಕದ ಬೈಕಿನವರು "ಯಾವ ಫಾರಿನ್ ಗಾಡಿ ಸಾರ್ ಇದು?" ಅಂತ ಕೇಳುತ್ತಾರೆ. ಫಾರಿನ್ ಅಲ್ಲ, ಗೋವಾದಲ್ಲಿ ತಯಾರಾದದ್ದು. 1990ರ ದಶಕದ ಕೊನೆಯಲ್ಲಿ ಬಂದ ಎರಡು ಸೀಟಿನ, ಬಟ್ಟೆ ಟಾಪಿನ ಪುಟ್ಟ ಸ್ಪೋರ್ಟ್ಸ್ ಕಾರು. ಎಂಜಿನ್ ರೆನೋ ಕಂಪನಿಯದು, 1149 ಸಿಸಿ. ಬಾಡಿ ಫೈಬರ್. ಹಾಡು ಕೇಳುವ ವಿಷಯಕ್ಕೂ ಬಾಡಿ ಫೈಬರ್ ಆಗಿರುವುದಕ್ಕೂ ಏನು ಸಂಬಂಧ ಅನ್ನಿಸಬಹುದು. ಬಹಳ ಇದೆ, ಮುಂದೆ ಹೇಳುತ್ತೇನೆ.

ಕಾರು ನನ್ನ ಕೈಗೆ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಪಯೋನಿಯರ್ ಕ್ಯಾಸೆಟ್ ಸೆಟ್ ಇತ್ತು. ಮೊದಲಿನ ಮಾಲೀಕರು ಹಾಕಿಸಿದ್ದು. ಹಸಿರು ಬೆಳಕಿನ ಬಟನ್‌ಗಳು, ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿ ಹಾಡುವ ಆಟೋ ರಿವರ್ಸ್, ರೇಡಿಯೊ. ಕೇಳಿದವರೆಲ್ಲ ಒಂದೇ ಸಲಹೆ ಕೊಟ್ಟರು: ಅದನ್ನು ಕಿತ್ತು ಹಾಕಿ, ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಿ. ನನಗೆ ಮನಸ್ಸಿರಲಿಲ್ಲ. ಆ ಕಾಲದ ಡ್ಯಾಶ್‌ಬೋರ್ಡಿಗೆ ದೊಡ್ಡ ಸ್ಕ್ರೀನ್ ಹೊಂದುವುದಿಲ್ಲ. ಸೆಟ್ ಕೂರುವ ಜಾಗ ಅಂದಾಜು 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ, ಅಷ್ಟೇ. ಸ್ಕ್ರೀನ್ ಕೂರಿಸಬೇಕಾದರೆ ಪ್ಲಾಸ್ಟಿಕ್ ಕೊಯ್ಯಬೇಕು. ಒಮ್ಮೆ ಕೊಯ್ದರೆ ಇಂಥ ಕಾರಿನ ಡ್ಯಾಶ್‌ಬೋರ್ಡ್ ಇನ್ನೊಂದು ಎಲ್ಲಿಂದ ತರುವುದು? ಅದಕ್ಕಿಂತ ಮುಖ್ಯ, ಸೆಟ್ ಒಳಗಿನ ಆಂಪ್ಲಿಫೈಯರ್ ಗಟ್ಟಿಯಾಗಿತ್ತು. ಹಳೆ ಕ್ಯಾಸೆಟ್ ಹಾಕಿದರೆ ಚೆನ್ನಾಗಿ ಹಾಡುತ್ತಿತ್ತು. ಫೋನಿನ ಹಾಡನ್ನು ಅದರ ಒಳಗೆ ಸೇರಿಸುವ ದಾರಿ ಮಾತ್ರ ಬೇಕಿತ್ತು.

ಎಲ್ಲರಿಗೂ ಮೊದಲು ಹೊಳೆಯುವುದು ಲೈಟರ್ ಸಾಕೆಟ್‌ಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರ್. ಅಗ್ಗ, ಯಾವ ವೈರೂ ಮುಟ್ಟಬೇಕಿಲ್ಲ. ಆದರೆ ಎಫ್‌ಎಂ ಸ್ಟೀರಿಯೊದಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರ ಹೋಗುವುದೇ ಇಲ್ಲ. ಜೊತೆಗೆ ಇಷ್ಟು ಸಣ್ಣ ಟ್ರಾನ್ಸ್‌ಮಿಟರಿನ ಸಿಗ್ನಲ್ ತೀರಾ ದುರ್ಬಲ. ನಮ್ಮ ಕಡೆ 102.6ರಲ್ಲಿ ಚಿತ್ರದುರ್ಗ ಆಕಾಶವಾಣಿ ಬರುತ್ತದೆ, ಅದರ ಹತ್ತಿರ ಸುಳಿಯುವ ಹಾಗೇ ಇಲ್ಲ. ಖಾಲಿ ಜಾಗ ನೋಡಿ 88ರ ಆಸುಪಾಸು ಇಟ್ಟರೂ ಹಾಡಿನ ಹಿಂದೆ ಸಣ್ಣಗೆ 'ಸ್ಸ್' ಅನ್ನುವ ಸದ್ದು ಇದ್ದೇ ಇರುತ್ತದೆ. ನನಗೆ ಅದು ಸೇರಲಿಲ್ಲ.

ಎರಡನೆಯದು ಕ್ಯಾಸೆಟ್ ಅಡಾಪ್ಟರ್. ಕ್ಯಾಸೆಟ್ ಆಕಾರದ ಡಬ್ಬಿ, ಅದರಿಂದ ಒಂದು ವೈರು ಫೋನಿಗೆ. ಒಳಗೆ ಟೇಪ್ ಇರುವುದಿಲ್ಲ. ಟೇಪಿನ ಜಾಗದಲ್ಲಿ ಒಂದು ಪುಟ್ಟ ಕಾಯಿಲ್ ಇದ್ದು, ಸೆಟ್ಟಿನಲ್ಲಿ ಟೇಪ್ ಓದುವ ಹೆಡ್‌ಗೆ ಎದುರಾಗಿ ನಿಂತು ಹಾಡನ್ನು ಕಾಂತದ ಅಲೆಯಾಗಿ ದಾಟಿಸುತ್ತದೆ. ಹಳೆ ಸೆಟ್ ಇರುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಆದರೆ ಹಾಕುವ ಮೊದಲು ಹೆಡ್ ಒರೆಸಬೇಕು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಮೆಲ್ಲಗೆ ಒರೆಸಿದರೆ ಕಂದು ಬಣ್ಣದ ಪುಡಿ ಬರುತ್ತದೆ. ಅಷ್ಟು ಹೋದರೆ ಸಾಕು, ತಾಳದ ಸದ್ದು ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಹೆಡ್ ಪಕ್ಕದ ಸಣ್ಣ ಸ್ಕ್ರೂ ಮಾತ್ರ ತಿರುಗಿಸಬೇಡಿ, ಹೆಡ್ಡಿನ ಓರೆ ಹೊಂದಿಸುವುದು ಅದೇ. ಸೆಟ್‌ನಲ್ಲಿ ಟೇಪಿನ 'ಸ್ಸ್' ಸದ್ದು ತಗ್ಗಿಸುವ ಡಾಲ್ಬಿ ಬಟನ್ ಇದ್ದರೆ ಆಫ್ ಇಡಿ. ಫೋನಿನ ಹಾಡು ಡಾಲ್ಬಿ ಹಾಕಿ ರೆಕಾರ್ಡ್ ಆದದ್ದಲ್ಲ, ಆನ್ ಇದ್ದರೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ.

ಅಡಾಪ್ಟರ್ ಕೆಲಸ ಮಾಡಿತು. ಆದರೂ ಒಳಗಿನ ಗಾಲಿಗಳ ಕಿರ್ರನೆ ಸದ್ದು, ಗೇರ್ ಲಿವರ್‌ಗೆ ಸುತ್ತಿಕೊಳ್ಳುವ ವೈರು. ಸ್ಪೋರ್ಟ್ಸ್ ಕಾರಿನಲ್ಲಿ ಗೇರ್ ಹಾಕುವ ಕೈಗೆ ವೈರು ಅಡ್ಡ ಬರಬಾರದು ಅಲ್ವಾ? ಹಾಗಾಗಿ ಮೂರನೆಯ ದಾರಿ ಹಿಡಿದೆ: ಸೆಟ್ ಬಿಚ್ಚಿ, ಒಳಗೇ ಇನ್‌ಪುಟ್ ಕೊಡುವುದು.

ಇದಕ್ಕೆ ನನಗೆ ಕೈಹಿಡಿದವರು ಮಂಡಿಪೇಟೆ ಕಡೆಯ ಒಬ್ಬ ಹಿರಿಯ ಟೇಪ್ ರೆಕಾರ್ಡರ್ ರಿಪೇರಿಯವರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಈಗ ಅಂಗಡಿಯಲ್ಲಿ ಮೊಬೈಲ್ ಚಾರ್ಜರ್, ಮಿಕ್ಸಿ ಕೆಲಸವೇ ಜಾಸ್ತಿ. ಕ್ಯಾಸೆಟ್ ಸೆಟ್ ನೋಡಿದ ಕೂಡಲೇ ಅವರು ಬೇರೆಲ್ಲ ಪಕ್ಕಕ್ಕೆ ಸರಿಸಿದರು. ಫೋನಿನ ವೈರನ್ನು ನೇರ ಹೆಡ್ಡಿನ ವೈರಿಗೇ ಸೇರಿಸಬಹುದಾ ಅಂತ ಕೇಳಿದೆ. "ಫೋನಿನ ಕೂಗು ದೊಡ್ಡದು, ಹೆಡ್ಡಿನ ಕೂಗು ಸಣ್ಣದು. ದೊಡ್ಡದನ್ನ ಸಣ್ಣ ಬಾಗ್ಲಾಗೆ ತುರುಕಬ್ಯಾಡ್ರಿ" ಅಂದರು.

ಲೆಕ್ಕ ನೋಡಿದರೆ ಅವರ ಮಾತು ನೂರಕ್ಕೆ ನೂರು ಸರಿ. ಟೇಪ್ ಹೆಡ್ ಕೊಡುವುದು ಒಂದು ಮಿಲಿವೋಲ್ಟ್‌ಗಿಂತ ಕಡಿಮೆ. ಫೋನು ಪೂರ್ತಿ ವಾಲ್ಯೂಮ್‌ನಲ್ಲಿ ಅರ್ಧದಿಂದ ಒಂದು ವೋಲ್ಟ್ ತನಕ ಕೊಡುತ್ತದೆ, ಅಂದರೆ ಸಾವಿರ ಪಟ್ಟು ಆಸುಪಾಸು. ಜೊತೆಗೆ ಹೆಡ್ ಆದ ಮೇಲೆ ಬರುವ ಪ್ರೀಆಂಪ್ (ಸಣ್ಣ ಸಿಗ್ನಲನ್ನು ಮೊದಲು ದೊಡ್ಡದು ಮಾಡುವ ಭಾಗ) ಟೇಪಿಗಾಗಿಯೇ ಬೇಸ್ ಎತ್ತಿ ಕೊಡುವ ಹಾಗೆ ಮಾಡಿದ್ದು. ಅಲ್ಲಿ ಫೋನ್ ಸೇರಿಸಿದರೆ ಬರೀ ಗುಂಯ್‌ಗುಡುವ, ಒಡೆದ ಸದ್ದು ಬರುತ್ತದೆ. ಫೋನಿನ ಸಿಗ್ನಲ್ ಒಳಗೆ ಹೋಗಬೇಕಾದ ಜಾಗ ಪ್ರೀಆಂಪ್ ಆದ ಮೇಲೆ, ವಾಲ್ಯೂಮ್‌ಗೆ ಮುಂಚೆ. ತೀರಾ ಹಳೆ ಸೆಟ್‌ಗಳಲ್ಲಿ ವಾಲ್ಯೂಮ್ ಗುಂಡಿಯ ಹಿಂದೆಯೇ ಆ ಜಾಗ ಸಿಗುತ್ತದೆ. ನನ್ನದರಲ್ಲಿ ವಾಲ್ಯೂಮ್ ಕೆಲಸ ಮಾಡುವುದು ಒಂದು ಐಸಿ, ಅಂದರೆ ಚಿಪ್. ಚಾಚಾ ಅದರ ನಂಬರ್ ಓದಿ, ಮೊಮ್ಮಗನ ಫೋನಿನಲ್ಲಿ ಅದರ ಡೇಟಾಶೀಟ್ (ಯಾವ ಕಾಲು ಯಾವುದಕ್ಕೆ ಅಂತ ಹೇಳುವ ಹಾಳೆ) ತರಿಸಿ, ಟೇಪಿನ ಎಡ ಬಲ ಎರಡು ಕಾಲುಗಳನ್ನು ಗುರುತು ಮಾಡಿದರು.

ಅಲ್ಲಿಂದ ಕೆಲಸ ಹೀಗೆ ನಡೆಯಿತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸೆಟ್ ಹೊರಗೆ ತೆಗೆದೆವು. ಪ್ರೀಆಂಪ್‌ನಿಂದ ಐಸಿಗೆ ಹೋಗುವ ಎಡ ಬಲ ಎರಡೂ ತಾಮ್ರದ ಗೆರೆಗಳನ್ನು ಕತ್ತರಿಸಿ, ನಡುವೆ ಒಂದು 3.5 ಮಿಲಿಮೀಟರ್ ಜ್ಯಾಕ್ ತಂದೆವು. ಸ್ವಿಚ್ ಇರುವ ಜ್ಯಾಕ್ ಅದು. ಪಿನ್ ಹಾಕದಿದ್ದರೆ ಟೇಪಿನ ಸಿಗ್ನಲ್ ಮೊದಲಿನಂತೆ ದಾಟುತ್ತದೆ. ಪಿನ್ ಚುಚ್ಚಿದ ಕೂಡಲೇ ಟೇಪ್ ಕಡೆ ಕಟ್ ಆಗಿ ಫೋನ್ ಕಡೆ ಸೇರುತ್ತದೆ. ಕ್ಯಾಸೆಟ್ ಕೇಳುವ ಸುಖವೂ ಹಾಗೇ ಉಳಿಯಿತು. ಐಸಿಯ ಕಾಲಿನಲ್ಲಿ ಡಿಸಿ ವೋಲ್ಟೇಜ್ ನಿಂತಿರುತ್ತದೆ, ಅದು ಫೋನಿಗೆ ಬರಬಾರದು. ಅದಕ್ಕೆ ಎಡ ಬಲ ಒಂದೊಂದು 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಫೋನಿನ ಜೋರು ಅರ್ಧ ಮಾಡಲು ಎರಡೆರಡು 10 ಕಿಲೋಓಮ್ ರೆಸಿಸ್ಟರ್. ಇದರಿಂದ ರೇಡಿಯೊದಿಂದ ಫೋನಿಗೆ ಬಂದಾಗ ಸದ್ದು ದಿಢೀರ್ ಏರುವುದಿಲ್ಲ. ವೈರು ಶೀಲ್ಡ್ (ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ) ಇರುವುದೇ ಆಗಬೇಕು. ಶೀಲ್ಡನ್ನು ಅರ್ತ್‌ಗೆ, ಅಂದರೆ ನೆಗೆಟಿವ್‌ಗೆ, ಒಂದೇ ತುದಿಯಲ್ಲಿ ಸೇರಿಸಬೇಕು.

ಇಲ್ಲಿ ಒಂದು ಚಿಕ್ಕ ಗಂಟು. ಸೆಟ್ ಟೇಪ್ ಮೋಡ್‌ನಲ್ಲಿ ಇದ್ದರೆ ಮಾತ್ರ ಈ ದಾರಿ ತೆರೆದಿರುತ್ತದೆ, ಒಳಗೆ ಕ್ಯಾಸೆಟ್ ಇದ್ದರೆ ಮಾತ್ರ ಟೇಪ್ ಮೋಡ್. ಖಾಲಿ ಡಬ್ಬಿ ಹಾಕಿದರೆ ಆಟೋ ರಿವರ್ಸ್ ಸೆಟ್‌ಗೆ ಗಾಲಿ ತಿರುಗುತ್ತಿಲ್ಲ ಅಂತ ಗೊತ್ತಾಗಿ ಹೊರಗೆ ತಳ್ಳುತ್ತದೆ. ಹಳೆ ಅಡಾಪ್ಟರಿನ ವೈರು ಕತ್ತರಿಸಿ ಅದನ್ನೇ ಒಳಗೆ ಬಿಟ್ಟಿದ್ದೇನೆ. ಗಾಲಿ ತಿರುಗುತ್ತದೆ, ಸೆಟ್ ನಿಲ್ಲುವುದಿಲ್ಲ. ಗಾಲಿಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಹಾಕಿದ ಮೇಲೆ ಕಿರ್ರನೆ ಸದ್ದೂ ಇಲ್ಲ.

ಮನೆಯ ಮೇಜಿನ ಮೇಲೆ ಸೆಟ್ ಸೊಗಸಾಗಿ ಹಾಡಿತು. ಕಾರಿಗೆ ಹಾಕಿ ಎಂಜಿನ್ ಚಾಲೂ ಮಾಡಿದರೆ 'ಕುಂಯ್' ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತದೆ. ಹಳೆ ಕಾರಿಗೆ ಫೋನ್ ಸೇರಿಸಿದವರೆಲ್ಲ ಕೇಳಿರುವ ಸದ್ದು ಇದು, ಬರುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದ. ಎಂಜಿನ್ ಜೊತೆ ಟಿಕ್ ಟಿಕ್ ಅಂತ ಬಂದರೆ ಪ್ಲಗ್ಗಿನ ಕಡೆ ನೋಡಬೇಕು. ಏರಿಳಿಯುವ ಕುಂಯ್ ಆದರೆ ಅರ್ತ್ ನೋಡಬೇಕು.

ಫೈಬರ್ ಬಾಡಿಯ ವಿಷಯ ಬರುವುದು ಇಲ್ಲೇ. ತಗಡಿನ ಕಾರಿನಲ್ಲಿ ಇಡೀ ಬಾಡಿಯೇ ಬ್ಯಾಟರಿಯ ನೆಗೆಟಿವ್. ಎಲ್ಲಿ ಸ್ಕ್ರೂ ಹಾಕಿದರೂ ಅರ್ತ್ ಸಿಗುತ್ತದೆ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿಯೊಂದಕ್ಕೂ ವಾಪಸ್ ವೈರು ಬೇಕು. ನನ್ನ ಸೆಟ್ಟಿನ ಕಪ್ಪು ವೈರನ್ನು ಯಾರೋ ಹಿಂದೆ ಲೈಟಿನ ಅರ್ತ್ ವೈರಿಗೇ ಸೇರಿಸಿದ್ದರು. ಹೆಡ್‌ಲೈಟ್ ಹಾಕಿದರೆ ಆ ಕರೆಂಟ್ ಎಲ್ಲ ಅದೇ ವೈರಿನಲ್ಲಿ ಓಡುತ್ತದೆ, ಸೆಟ್ಟಿನ ನೆಗೆಟಿವ್ ಅಲ್ಲಾಡುತ್ತದೆ. ಮೀಟರ್ ಹಿಡಿದು ಸೆಟ್ಟಿನ ಬಾಡಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದೆ. ಲೈಟ್ ಹಾಕಿದಾಗ 0.3 ವೋಲ್ಟ್ ತೋರಿಸಿತು. ಹಾಡಿನ ಸಿಗ್ನಲ್ಲೇ ಅಷ್ಟಿರುವಾಗ ಇದು ಸಣ್ಣ ಮಾತಲ್ಲ.

ಬ್ಯಾಟರಿಯ ನೆಗೆಟಿವ್‌ನಿಂದ ಸೆಟ್‌ಗೇ ಅಂತ ಪ್ರತ್ಯೇಕ 2.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದೆ. ಸೆಟ್ಟಿನ ಮೆಮೊರಿ ಅಳಿಯದಂತೆ ಸದಾ ಕರೆಂಟ್ ಕೊಡುವ ಹಳದಿ ವೈರನ್ನೂ ಬ್ಯಾಟರಿಯಿಂದಲೇ ತಂದು, ಬ್ಯಾಟರಿ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಸೆಟ್ ಹತ್ತಿರ ಇದ್ದರೆ ಪ್ರಯೋಜನ ಕಡಿಮೆ. ನಡುವೆ ವೈರು ಉಜ್ಜಿ ಶಾರ್ಟ್ ಆದರೆ ಉರಿಯುವುದು ವೈರೇ, ಸುತ್ತ ಇರುವುದು ಫೈಬರ್. ಇಷ್ಟು ಮಾಡಿದ ಮೇಲೆ ಮೀಟರ್ 0.02ಕ್ಕೆ ಇಳಿಯಿತು. ಸದ್ದು ಬಹುಪಾಲು ಹೋಯಿತು.

ಉಳಿದ ಸ್ವಲ್ಪ ಸದ್ದು ಬರುತ್ತಿದ್ದದ್ದು ಫೋನನ್ನು ಚಾರ್ಜ್‌ಗೆ ಹಾಕಿದಾಗ ಮಾತ್ರ. ಚಾರ್ಜರ್ ಕಡೆಯಿಂದ ಒಂದು ಅರ್ತ್, ಹಾಡಿನ ವೈರಿನ ಕಡೆಯಿಂದ ಇನ್ನೊಂದು. ಎರಡೂ ಸೇರಿ ಸುತ್ತು ಆಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೊಡುತ್ತಾರೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಸದ್ದು ಪೂರ್ತಿ ನಿಲ್ಲುತ್ತದೆ, ಆದರೆ ಅಗ್ಗದ್ದರಲ್ಲಿ ಬೇಸ್ ಕೂಡ ತೆಳ್ಳಗಾಗುತ್ತದೆ. ತಬಲಾದ ಎಡದ ಗುಮುಕಿ ಕೇಳದಿದ್ದರೆ ಇಷ್ಟೆಲ್ಲ ಮಾಡಿ ಏನು ಫಲ? ನಾನು ಬ್ಲೂಟೂತ್ ಕಡೆ ಹೋದೆ. ಈಗಿನ ಎಷ್ಟೋ ಫೋನುಗಳಲ್ಲಿ ಇಯರ್‌ಫೋನ್ ತೂತೇ ಇಲ್ಲವಲ್ಲ. ಒಂದು ಚಿಕ್ಕ ಬ್ಲೂಟೂತ್ ರಿಸೀವರನ್ನು ಡ್ಯಾಶ್‌ಬೋರ್ಡ್ ಹಿಂದೆ ಇಟ್ಟು ಜ್ಯಾಕ್‌ಗೆ ಸೇರಿಸಿದೆ. ಅದಕ್ಕೆ ಬೇಕಾದ 5 ವೋಲ್ಟ್ ಕಾರಿನಿಂದ ನೇರ ಕೊಟ್ಟರೆ ಅದೇ ಸುತ್ತು ಮತ್ತೆ ಬರುತ್ತದೆ. ನಡುವೆ ಬಿ0505ಎಸ್ ಅನ್ನುವ ಐಸೊಲೇಟೆಡ್ ಕನ್ವರ್ಟರ್ ಹಾಕಿದೆ. 5 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, ನಡುವೆ ಅರ್ತ್ ಸಂಬಂಧವಿಲ್ಲ. 200 ಮಿಲಿಆಂಪಿಯರ್ ಕೊಡುತ್ತದೆ, ರಿಸೀವರ್‌ಗೆ ಧಾರಾಳ ಸಾಕು. ಫೋನ್ ಈಗ ಎಲ್ಲಿ ಬೇಕಾದರೂ ಚಾರ್ಜ್ ಆಗಲಿ, ಸ್ಪೀಕರಿನಲ್ಲಿ ಹಾಡು ಬಿಟ್ಟು ಬೇರೇನೂ ಇಲ್ಲ.

ಇದೇ ಫೈಬರ್ ಕಾರಣದಿಂದ ರೇಡಿಯೊ ಕೂಡ ಸೊರಗಿತ್ತು. ಏರಿಯಲ್ ಕಡ್ಡಿಗೆ ಬುಡದಲ್ಲಿ ಲೋಹದ ಹಾಸು ಬೇಕು, ತಗಡಿನ ಕಾರಿನಲ್ಲಿ ಅದು ತಾನಾಗಿ ಸಿಗುತ್ತದೆ. ನಾನು ಒಳಗಡೆ ಏರಿಯಲ್ ಬುಡದ ಸುತ್ತ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಏರಿಯಲ್ಲಿನ ಹೊರ ಶೀಲ್ಡಿಗೆ ಸೇರಿಸಿದೆ. ಆನಗೋಡು ದಾಟುವ ಮೊದಲೇ 102.6 ಸ್ಪಷ್ಟವಾಗಿ ಬರತೊಡಗಿತು.

ಸ್ಪೀಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿಲಲ್ಲಿರುವ 4 ಓಮ್ ಜೋಡಿಯೇ ಇದೆ. ಒಂದು ಮಾತು ಮಾತ್ರ: ಇಂಥ ಸೆಟ್‌ಗಳ ಆಂಪ್ಲಿಫೈಯರ್‌ನಲ್ಲಿ ಸ್ಪೀಕರಿನ ಮೈನಸ್ ಕೂಡ ಸಿಗ್ನಲ್ಲೇ. ಅದನ್ನು ಅರ್ತ್‌ಗೆ ಮುಟ್ಟಿಸಿದರೆ ಔಟ್‌ಪುಟ್ ಐಸಿ ಹೋಗುತ್ತದೆ.

ಟಾಪ್ ಇಳಿಸಿ ಹೈವೇಯಲ್ಲಿ 80ರಲ್ಲಿ ಹೋಗುವಾಗ ಗಾಳಿಯ ಸದ್ದು ಬೇಸನ್ನು ನುಂಗುತ್ತದೆ. ಆಗ ಬೇಸ್ ಏರಿಸುವುದು ಸುಮ್ನೆ ಸ್ಪೀಕರ್‌ಗೆ ಹಿಂಸೆ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಸ್ವಲ್ಪ ಮೇಲೆ ಇಟ್ಟು, ಉಳಿದದ್ದನ್ನು ಸೆಟ್ಟಿನ ಗುಂಡಿಯಲ್ಲೇ ಹೊಂದಿಸುತ್ತೇನೆ. ಭರಮಸಾಗರದ ತನಕ ಟಾಪ್ ತೆಗೆದು ಹೋದರೂ ಹಾಡಿನ ಮಾತು ಬಿಡಿಸಿ ಕೇಳುತ್ತದೆ.

ಏಪ್ರಿಲ್ ಬಿಸಿಲಲ್ಲಿ ಇನ್ನೊಂದು ಎಚ್ಚರ ಬೇಕು. ಡ್ಯಾಶ್‌ಬೋರ್ಡಿನ ಒಳಗೆ ಡಬಲ್ ಟೇಪಿನ ಅಂಟು ನಿಲ್ಲುವುದಿಲ್ಲ, ರಿಸೀವರ್ ಜಾರಿ ಬೀಳುತ್ತದೆ. ಕೇಬಲ್ ಟೈ ಹಾಕಿ ಬಿಗಿಯಿರಿ.

2000ದ ನಂತರದ ಜರ್ಮನ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡ ಗೆಳೆಯರು ಇದೇ ದಾರಿ ಹಿಡಿಯಬೇಡಿ. ಅವುಗಳಲ್ಲಿ ಹಲವು ಕಡೆ ರೇಡಿಯೊ, ಆಂಪ್ಲಿಫೈಯರ್, ಹಲವು ಸಿಡಿ ಹಿಡಿಸುವ ಸಿಡಿ ಚೇಂಜರ್ ಮೂರೂ ಬೆಳಕಿನ ಫೈಬರ್ ಕೇಬಲ್‌ನಲ್ಲಿ ಮಾತಾಡುತ್ತವೆ. ಬೆಸುಗೆ ಹಾಕಲು ಜಾಗವೇ ಇರುವುದಿಲ್ಲ. ಚೇಂಜರ್ ಜಾಗದಲ್ಲಿ ಕೂತು ತಾನೇ ಚೇಂಜರ್ ಅಂತ ಹೇಳಿಕೊಳ್ಳುವ ಡಬ್ಬಿಗಳು ಆ ಕಾರುಗಳಿಗೆ ಬರುತ್ತವೆ, ಅದನ್ನೇ ಕೊಳ್ಳಿ. ಕ್ಯಾಸೆಟ್ ಸೆಟ್ ಇದ್ದವರು ಮಾತ್ರ, ನಿಮ್ಮ ಊರಲ್ಲಿ ಟೇಪ್ ರಿಪೇರಿ ಬಲ್ಲವರು ಕೆಲಸ ಮಾಡುತ್ತಿರುವಾಗಲೇ ಸೆಟ್ ಬಿಚ್ಚಿಕೊಂಡು ಅವರ ಅಂಗಡಿಗೆ ಹೋಗಿ.